ಭಾಷಣ ಬಿಡಿಸಿ ಕೈಗೆ ತೊಗರಿ ಕಾಳು ಕೊಟ್ಟೆ

ಇಂಧನದ ವಿಷಯದಲ್ಲಿ ಒಬ್ಬರಿಗೊಬ್ಬರು ಒಪ್ಪದ ಇವರನ್ನೆಲ್ಲ ಚರ್ಚೆಗೆ ಒಂದೇ ಕಡೆ ಕೂರಿಸಿದರೆ ಊಟದ ಹೊತ್ತಿಗೆ ಅರ್ಧ ಜನ ಎದ್ದು ಹೋಗ್ತಾರೆ ಅಂತ ಕಲಬುರಗಿಯ ಗೆಳೆಯರು ಹೇಳಿದ್ದರು. ಯಾರೂ ಹೋಗಲಿಲ್ಲ. ಸಂಜೆ ಐದೂವರೆಗೆ ನಾನೇ ಎಬ್ಬಿಸಿ ಕಳಿಸಬೇಕಾಯಿತು. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಬಂದವರು ಎಂಥವರು ಅಂತ ಹೇಳಿದರೆ ನಿಮಗೆ ಗೊತ್ತಾಗುತ್ತೆ. ಸೋಲಾರ್ ಬಿಟ್ಟು ಬೇರೆ ಮಾತೇ ಆಡದ ಎಂಜಿನಿಯರ್. ಥರ್ಮಲ್ ಸ್ಥಾವರದಿಂದ ನಿವೃತ್ತರಾದ ಹಿರಿಯರು. ಬಳಕೆ ತಗ್ಗಿಸದೆ ಯಾವ ಇಂಧನ ತಂದರೂ ವ್ಯರ್ಥ ಅನ್ನುವ ಗಾಂಧಿವಾದಿ. ಆಳಂದ ಕಡೆಯ ಸಾವಯವ ರೈತ, ಅವರು ಸಗಣಿ ಗ್ಯಾಸಿನ ವಕೀಲರೂ ಹೌದು. ಅಣುವಿದ್ಯುತ್ ಪರ ಇರುವ ಭೌತಶಾಸ್ತ್ರದ ಮೇಷ್ಟ್ರು. ಅವರ ಎದುರಿಗೆ, ತಮ್ಮ ಕಡೆಯ ಗೋಗಿಯಲ್ಲಿ ಅಣುವಿದ್ಯುತ್ತಿಗೆ ಬೇಕಾದ ಯುರೇನಿಯಂ ಗಣಿ ಬೇಡ ಅನ್ನುವ ಶಹಾಪುರದ ಹೋರಾಟಗಾರರು.

ಇವರನ್ನು ಮೊದಲು ಸೇರಿಸಿದ್ದು ಕಲಬುರಗಿಯ ಒಂದು ಸಭಾಂಗಣದಲ್ಲಿ. ಬ್ಯಾನರ್, ದೀಪ, ಶಾಲು, ಹಾರ, ಎಲ್ಲ ಇತ್ತು. ಖರ್ಚು ಅರವತ್ತೈದು-ಎಪ್ಪತ್ತು ಸಾವಿರ, ಅದರಲ್ಲಿ ಹಾಲ್ ಬಾಡಿಗೆ ಮತ್ತು ಶಾಲು-ಹಾರಕ್ಕೇ ಅರ್ಧ ಹೋಯಿತು. ಒಬ್ಬೊಬ್ಬರು ಮುಕ್ಕಾಲು ಗಂಟೆ ಮಾತಾಡಿ, ತಮ್ಮ ಸರದಿ ಮುಗಿದ ಮೇಲೆ ಫೋನ್ ನೋಡುತ್ತಾ ಕೂತರು. ಕೊನೆಗೆ ಮೇಷ್ಟ್ರು ಕೈಗಾ ಅಣುಸ್ಥಾವರದ ನಾಲ್ಕು ಘಟಕಗಳಿಂದ 880 ಮೆಗಾವ್ಯಾಟ್ ಹೊಗೆ ಇಲ್ಲದೆ ಬರುತ್ತೆ ಅಂದರು. ಶಹಾಪುರದವರು ಎದ್ದು ನಿಂತು, "ಕರೆಂಟ್ ನಿಮಗ, ಗಣಿ ನಮ್ಮೂರಾಗ?" ಅಂದರು. ಸಭೆ ಅಲ್ಲಿಗೆ ಮುಗಿಯಿತು.

ಆಮೇಲೆ ಬೀದರ್‌ಗೆ ಕರೆದುಕೊಂಡು ಹೋದೆ. ನೌಬಾದ್‌ನ ಕರೇಜ್ ತೋರಿಸಿದರೆ ಮಾತು ಹದಕ್ಕೆ ಬರುತ್ತೆ ಅನ್ನೋ ಲೆಕ್ಕಾಚಾರ. ಬಹಮನಿ ಕಾಲದ ಸುರಂಗ ಕಾಲುವೆ, ನೆಲದ ಇಳಿಜಾರಿನಲ್ಲೇ ನೀರು ತಾನಾಗಿ ಹರಿದು ಬರುವಂಥದ್ದು, ಮೋಟರ್ ಇಲ್ಲ, ಕರೆಂಟ್ ಇಲ್ಲ. ಎಲ್ಲರೂ ಗಾಳಿಕಿಂಡಿಯಲ್ಲಿ ಬಗ್ಗಿ ನೋಡಿದರು, ಬಾಯ್ತುಂಬ ಹೊಗಳಿದರು. ತೊಂದರೆ ಏನಾಯಿತು ಅಂದ್ರೆ ಯಾರೂ ಜಗಳವೇ ಆಡಲಿಲ್ಲ! ಸತ್ತು ಹೋದ ಸುಲ್ತಾನರನ್ನು ಹೊಗಳೋಕೆ ಯಾರಿಗೂ ಭಿನ್ನಾಭಿಪ್ರಾಯ ಇರುವುದಿಲ್ಲ. ಬಸ್ಸಿಗೆ ಹದಿನಾಲ್ಕೋ ಹದಿನೈದೋ ಸಾವಿರ ಹೋಯಿತು, ಫೋಟೋ ಮಾತ್ರ ಚೆನ್ನಾಗಿ ಬಂದವು.

ಹಣ ಕೊಟ್ಟವರು ಬೇಸತ್ತು ಕೈ ಬಿಟ್ಟರು. ಒಳ್ಳೆಯದೇ ಆಯಿತು. ಅವರಿಗೆ ಪ್ರತಿ ಸಲ ಕೊನೆಯಲ್ಲಿ ಒಂದು 'ನಿರ್ಣಯ' ಬೇಕಿತ್ತು.

ಕೊನೆಗೆ ಕೈಹಿಡಿದ ವಿಧಾನ ಇದು. ಕಲಬುರಗಿಯಲ್ಲಿ ನಿಂತು ಹೋದ ದಾಲ್ ಮಿಲ್ಲಿಗೆ ಏನು ಬರ? ಗೆಳೆಯರೊಬ್ಬರ ಮಿಲ್ಲಿನ ಶೆಡ್ ಸಿಕ್ಕಿತು, ಬಾಡಿಗೆ ಇಲ್ಲ. ನೆಲ ಶಹಾಬಾದ್ ಫರಸಿ, ಚಾಕ್‌ಪೀಸ್ ಚೆನ್ನಾಗಿ ಹಿಡಿಯುತ್ತೆ. ಕಾಲ ಕೂಡ ನೋಡಿಕೊಂಡೆ: ತೊಗರಿ ರಾಶಿ ಮುಗಿದಿರಬೇಕು, ಬಿಸಿಲು ಏರಿರಬಾರದು. ವಿಷಯ 'ಇಂಧನ' ಅಂತ ಇಡಲೇ ಇಲ್ಲ. ಆಳಂದ ಕಡೆಯ ಒಂದು ಹಳ್ಳಿಯ ಕುಡಿಯುವ ನೀರಿನ ಬೋರ್‌ವೆಲ್, ಅದರ 5 ಎಚ್‌ಪಿ ಮೋಟರ್, ಅಷ್ಟೇ. ದಿನಕ್ಕೆ ಆರು ಗಂಟೆ ಓಡುತ್ತೆ, ಇಪ್ಪತ್ತೈದು ಯೂನಿಟ್ ಆಸುಪಾಸು. ಥರ್ಮಲ್‌ನ ಹಿರಿಯರು ಬಾಯಲ್ಲೇ ಲೆಕ್ಕ ಹಾಕಿ, "ದಿನಾ ಹದಿನೆಂಟು ಕೇಜಿ ಕಲ್ಲಿದ್ದಲು ಸುಟ್ಟಂಗ" ಅಂದರು. ಅವರಿಗೆ ಆ ಅಂಕಿ ಎಲ್ಲರಿಗಿಂತ ಚೆನ್ನಾಗಿ ಗೊತ್ತು, ಅಲ್ವಾ?

ನೆಲದ ಮೇಲೆ ಚೌಕ ಬರೆದೆ: ಮೋಟರ್, ಪೈಪು, ಸೋಲಾರ್, ಸಗಣಿ ಗ್ಯಾಸ್, ಹೊಸ ಕರೆಂಟ್ ಲೈನು, ಟ್ಯಾಂಕು, ಮತ್ತೆ ಗಾಂಧಿವಾದಿಗಳ ಸಲುವಾಗಿ 'ಖರ್ಚೇ ಬೇಡ'. ಒಬ್ಬೊಬ್ಬರಿಗೆ ನೂರು ತೊಗರಿ ಕಾಳು. ಒಂದು ಕಾಳು ಅಂದರೆ ಹತ್ತು ಸಾವಿರ ರೂಪಾಯಿ, ದುಡ್ಡು ಎಲ್ಲಿ ಹಾಕಬೇಕು ಅನಿಸುತ್ತೋ ಆ ಚೌಕದಲ್ಲಿ ಇಡಬೇಕು. ಪಿಆರ್‌ಎ (ಹಳ್ಳಿಯವರನ್ನೇ ಕೂರಿಸಿಕೊಂಡು ಊರಿನ ಸ್ಥಿತಿ ತಿಳಿಯುವ ಪದ್ಧತಿ) ತರಬೇತಿ ಮಾಡಿದವರಿಗೆ ಕಾಳಿನಾಟ ಹೊಸದಲ್ಲ. ಹೊಸದು ಏನಂದ್ರೆ, ಹಳ್ಳಿಯವರನ್ನು ಬಿಟ್ಟು ವಿಚಾರವಂತರ ಕೈಗೆ ಕಾಳು ಕೊಟ್ಟಿದ್ದು. ಒಂದು ಷರತ್ತೂ ಇತ್ತು: ಮೊದಲ ಒಂದು ಗಂಟೆ ಬಸವಕಲ್ಯಾಣದ ಅನುಭವ ಮಂಟಪದ ಹೆಸರು ಎತ್ತಬಾರದು. ನಮ್ಮ ಭಾಗದಲ್ಲಿ ಅದರಿಂದ ಶುರುವಾದ ಮಾತು ಹನ್ನೆರಡನೇ ಶತಮಾನದಿಂದ ಆಚೆ ಬರೋದೇ ಇಲ್ಲ.

ಎಂಜಿನಿಯರ್ ಅರವತ್ತು ಕಾಳನ್ನು ಒಂದೇ ಮುಷ್ಟಿಯಲ್ಲಿ ಸೋಲಾರ್ ಚೌಕಕ್ಕೆ ಸುರಿದರು. ರೈತರು ಪಾವಗಡದ ಸೋಲಾರ್ ಪಾರ್ಕಿನ ಮಾತು ತೆಗೆದರು: 2,050 ಮೆಗಾವ್ಯಾಟ್, ಸುಮಾರು ಹದಿಮೂರು ಸಾವಿರ ಎಕರೆ, ಎಕರೆಗೆ ವರ್ಷಕ್ಕೆ 21 ಸಾವಿರ ಬಾಡಿಗೆ ಅಂತ ಶುರು. ಹೊಲ ಇದ್ದವರಿಗೆ ಸರಿ, ಕೂಲಿಯವರಿಗೆ ಏನು? "ಇಲ್ಲಿ ಪ್ಯಾನೆಲ್ ಟ್ಯಾಂಕಿನ ಪಕ್ಕ ಕೂರುತ್ತೆ, ಯಾರ ಹೊಲವೂ ಹೋಗಲ್ಲ" ಅಂದರು ಎಂಜಿನಿಯರ್. ವಾದ ಇತ್ತು, ಆದರೆ ಎಲ್ಲ ಆ ಒಂದು ಪಂಪಿನ ಸುತ್ತಲೇ.

ಅಷ್ಟರಲ್ಲಿ ಆ ಹಳ್ಳಿಗೆ ನೀರು ಬಿಡುವ ವಾಟರ್‌ಮನ್ ತಲೆ ಕೆರೆದುಕೊಂಡು ಚೌಕಗಳನ್ನು ಒಂದು ಸುತ್ತು ಹಾಕಿದರು. "ಏನ್ರೀ ಸರ್, ಪೈಪ್ ಸೋರ್ತದ, ಮೋಟರ್ ಮೂರ್ ಸಲ ರಿವೈಂಡಿಂಗ್ ಆಗ್ಯದ. ಅದರ ಮ್ಯಾಲ ಒಬ್ರೂ ಒಂದ್ ಕಾಳೂ ಇಟ್ಟಿಲ್ಲಲ್ರೀ?" ನಿಜ. ಪೈಪಿನ ಚೌಕ ಖಾಲಿ ಹೊಡೆಯುತ್ತಿತ್ತು. ಗಾಂಧಿವಾದಿಗಳು ತಮ್ಮ ಕಾಳೆಲ್ಲ 'ಖರ್ಚೇ ಬೇಡ'ದಿಂದ ಎತ್ತಿ ಪೈಪಿಗೆ ಇಟ್ಟರು. "ಇದೇ ನಾನು ಹೇಳೋದು" ಅಂದರು.

ಎರಡನೇ ಸುತ್ತಿನಲ್ಲಿ ಇನ್ನೊಬ್ಬರ ಕಾಳು ಸರಿಸಬಹುದು, ಅವರು ಒಪ್ಪಿದರೆ ಮಾತ್ರ. ಎರಡು ಸುತ್ತುಗಳ ಮಧ್ಯೆ ನಾನೊಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯೋದಿಲ್ಲ. ಬಂದು ನೋಡಿದವರಿಗೆ ಗೊತ್ತು.

ಸಗಣಿ ಗ್ಯಾಸ್ ಪರ ಮತ್ತು ವಿರೋಧ ಜೋರಾದಾಗ ಕುಣಿಗಲ್ ತಾಲೂಕಿನ ಪುರ ಹಳ್ಳಿಯ ಕಥೆ ಹೇಳಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಕಟ್ಟಿದ 'ಅಸ್ತ್ರ'ದ ಕೆಲಸ ಅದು. ಮೊದಲು ಅಡುಗೆಗೆ ಗ್ಯಾಸ್ ಅಂತ ಹೋದರು. ಸಾಕಾಗಲಿಲ್ಲ, ಜನರಿಗೂ ಮನಸ್ಸು ಹತ್ತಲಿಲ್ಲ. ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ನಲ್ಲಿ ನೀರು ಮತ್ತು ಮನೆಗೆ ದೀಪ ಕೊಟ್ಟ ಮೇಲೆ ಜನ ತಾವೇ ಸಗಣಿ ತಂದು ಹಾಕಿದರು. ನಮ್ಮ ರೈತರು ಸುಮ್ಮನೆ ಕೇಳಿ, ಅಡುಗೆ ಗ್ಯಾಸಿನ ವಾದ ಕೈಬಿಟ್ಟು ಆ ಚೌಕದಿಂದ ಇಪ್ಪತ್ತು ಕಾಳು ಟ್ಯಾಂಕಿಗೆ ಸರಿಸಿದರು.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಊಟದ ಬೇಳೆಯನ್ನೇ ಮೂರು ಕಡೆ ಬೇಯಿಸಿದೆವು: ತೊಗರಿ ಕಟಗಿ ಒಲೆ, ಇಂಡಕ್ಷನ್ ಮೇಲೆ ಕುಕ್ಕರ್, ಬಿಸಿಲಲ್ಲಿ ಸೋಲಾರ್ ಡಬ್ಬಿ. ಅರ್ಧ ಕೇಜಿ ಬೇಳೆಗೆ ಕಟಗಿ ಒಂದೂವರೆ ಕೇಜಿ ಹೋಯಿತು, ಇಂಡಕ್ಷನ್ ಕಾಲು ಯೂನಿಟ್‌ಗಿಂತ ತುಸು ಜಾಸ್ತಿ. ಡಬ್ಬಿ ಮೂರು ಗಂಟೆ ತಗೊಂಡಿತು, ರುಚಿ ಅದರದ್ದೇ. ಅಡುಗೆಗೆ ಬಂದಿದ್ದ ಅಕ್ಕ ನಮ್ಮ ತಕ್ಕಡಿ, ಮೀಟರ್ ನೋಡಿ ನಕ್ಕರು. "ಬ್ಯಾಳಿ ನೆನಸಿಟ್ಟಿದ್ರ ಏನ್ ಹೋಗ್ತಿತ್ರೀ?" ಇನ್ನೊಂದು ಅರ್ಧ ಕೇಜಿ ನೆನೆಸಿ ಒಲೆಗಿಟ್ಟರೆ ಕಟಗಿ ಒಂದು ಕೇಜಿಗೆ ಮುಗಿಯಿತು. ಅವತ್ತಿನ ಅತಿ ಅಗ್ಗದ ತಂತ್ರಜ್ಞಾನ ಅದೇ.

ಸಂಜೆಗೆ ಕಾಳು ನಿಂತಿದ್ದು ಹೀಗೆ: ಮೊದಲು ಪೈಪು ಮತ್ತು ಮೋಟರ್, ಆಮೇಲೆ ದೊಡ್ಡ ಟ್ಯಾಂಕು, ಆಮೇಲೆ ಹಗಲು ತುಂಬಿಸೋಕೆ 5 ಎಚ್‌ಪಿ ಸೋಲಾರ್ ಪಂಪು. ಮೇಷ್ಟ್ರು ಮತ್ತು ಶಹಾಪುರದವರ ಕಾಳು ಟ್ಯಾಂಕಿನ ಚೌಕದಲ್ಲಿ ಅಕ್ಕಪಕ್ಕ ಇದ್ದವು. ಗೋಗಿ ವಿಷಯದಲ್ಲಿ ಅವರು ಇವತ್ತಿಗೂ ಒಪ್ಪಿಲ್ಲ, ಒಪ್ಪಿಸೋದು ನನ್ನ ಕೆಲಸವೂ ಅಲ್ಲ. ಪಂಚಾಯಿತಿಯವರು ನಲವತ್ತು ಸಾವಿರದ ಒಳಗೆ ಪೈಪು, ಮೋಟರ್ ಸರಿ ಮಾಡಿಸಿದರು. ಆರು ಗಂಟೆ ಓಡುತ್ತಿದ್ದ ಮೋಟರ್ ಈಗ ನಾಲ್ಕು ಗಂಟೆ ಚಿಲ್ಲರೆ. ಸೋಲಾರ್‌ಗೆ ಮೂರೂವರೆ ಲಕ್ಷದ ಕೊಟೇಶನ್ ಬಂದು ಕೂತಿದೆ, ಟ್ಯಾಂಕಿಗೆ ಇನ್ನೂ ದುಡ್ಡಿಲ್ಲ.

ನನ್ನ ಖರ್ಚು ಹದಿನೆಂಟು-ಇಪ್ಪತ್ತು ಸಾವಿರ. ರೊಟ್ಟಿ, ಶೇಂಗಾ ಹಿಂಡಿ, ಬಸ್ ಚಾರ್ಜು, ಮತ್ತೆ ವಾಟರ್‌ಮನ್‌ಗೆ ಒಂದು ದಿನದ ಪಗಾರ. ಉಳಿದ ಯಾರಿಗೂ ಗೌರವಧನ ಕೊಡಲಿಲ್ಲ. ಇದಕ್ಕೆ ಒಬ್ಬರು ಮುನಿಸಿಕೊಂಡಿದ್ದಾರೆ. ಮುಂದಿನದು ಯಾದಗಿರಿಯಲ್ಲಿ, ನಾರಾಯಣಪುರ ಕಾಲುವೆಯ ಭತ್ತದವರ ಜೊತೆ. ಮುನಿಸಿಕೊಂಡವರನ್ನೂ ಕರೆದಿದ್ದೇನೆ, ಬಸ್ ಚಾರ್ಜ್ ಮಾತ್ರ ಅಂತ ಮೊದಲೇ ಹೇಳಿ.