ನೆಪ್ಚೂನ್ ಹೆಸರಿನ ಮೂಲವನ್ನು ಅರಸುವ ಬಗೆ

ರೋಮನ್ನರ ಕಡಲದೇವನ ಹೆಸರಿನ ಮೂಲವನ್ನು ಅರಸಹೊರಟ ಪುಣೆಯ ಕನ್ನಡಿಗರು ‘ನೆಪ್ಟೂನುಸ್’ ಎಂಬ ಲ್ಯಾಟಿನ್ ರೂಪದಿಂದಲೇ ಆರಂಭಿಸಬೇಕು. ಗ್ರೀಕರ ಕಡಲದೇವ ಪೊಸೈಡನ್‌ನ ಕಥೆಗಳು ಈ ದೇವರಿಗೆ ತರುವಾಯ ಅಂಟಿಕೊಂಡವಾದ್ದರಿಂದ ಅವನ್ನು ಸದ್ಯಕ್ಕೆ ಬದಿಗಿಡುವುದು ಲೇಸು.

ಮೊದಲು ಪ್ರಾಚೀನರ ವಿವರಣೆಗಳನ್ನು ನೋಡಿ. ಸಮುದ್ರವು ಭೂಮಿಯನ್ನು ಮುಸುಕುವುದರಿಂದ ಈ ಹೆಸರು ಬಂದಿತೆಂದು ರೋಮನ್ ವಿದ್ವಾಂಸ ವಾರೋ ಬರೆದಿದ್ದಾನೆ. ರೋಮನ್ ವಾಗ್ಮಿ ಸಿಸೆರೊ ದೇವತೆಗಳ ಕುರಿತು ಬರೆದ ಸಂವಾದದಲ್ಲಿ ಒಬ್ಬನು ಅದನ್ನು ಈಜುವ ಕ್ರಿಯೆಗೆ ಜೋಡಿಸುತ್ತಾನೆ, ಇನ್ನೊಬ್ಬನು ಆ ಊಹೆಯನ್ನು ಅಲ್ಲಿಯೇ ಗೇಲಿ ಮಾಡುತ್ತಾನೆ.

ಬಳಿಕ, ಭಂಡಾರಕರ್ ಪ್ರಾಚ್ಯವಿದ್ಯಾ ಸಂಸ್ಥೆಯಿರುವ ಊರಿನಲ್ಲಿದ್ದು ಬಿಡಲಾಗದ ಹೆಜ್ಜೆಯೊಂದಿದೆ: ಋಗ್ವೇದದ ಎರಡನೆಯ ಮಂಡಲದ 35ನೆಯ ಸೂಕ್ತವನ್ನು ತೆರೆಯಿರಿ. ಅದರ ದೇವತೆಯಾದ ‘ಅಪಾಂ ನಪಾತ್’, ಅಂದರೆ ನೀರಿನ ಸಂತಾನ, ಪಾರಸಿಗಳ ಧರ್ಮಗ್ರಂಥವಾದ ಅವೆಸ್ತಾದಲ್ಲಿಯೂ ಇದ್ದಾನೆ. ಐರ್ಲೆಂಡಿನ ಪುರಾಣದ ನೆಖ್ತಾನನನ್ನೂ ಸೇರಿಸಿಕೊಂಡು ಕೆಲವು ವಿದ್ವಾಂಸರು ಈ ಹೆಸರುಗಳಿಗೆಲ್ಲ ಒಂದೇ ಬೇರನ್ನು ಕಲ್ಪಿಸಿದ್ದಾರೆ. ಬೇರೆ ಕೆಲವರು ಸಂಸ್ಕೃತದ ‘ನಭಸ್’ ಶಬ್ದಕ್ಕೂ ಮೂಲವಾದ, ತೇವ ಮತ್ತು ಮೋಡವನ್ನು ಸೂಚಿಸುವ ಧಾತುವನ್ನು ಮುಂದಿಡುತ್ತಾರೆ.

ಕೊನೆಗೆ ಆಚರಣೆಯೊಂದಿಗೆ ತಾಳೆ ನೋಡಿ. ನೆಪ್ಚೂನನ ಹಬ್ಬವು ಜುಲೈ 23ರಂದು, ನೀರು ಬತ್ತುವ ಇಟಲಿಯ ಕಡುಬೇಸಿಗೆಯಲ್ಲಿ, ಎಲೆಗುಡಿಸಲುಗಳ ನೆರಳಿನಲ್ಲಿ ನಡೆಯುತ್ತಿತ್ತು. ಆದ್ದರಿಂದ ಅವನು ಮೊದಲು ಸಿಹಿನೀರಿನ ದೇವನಾಗಿದ್ದನೆಂಬ ಅಭಿಪ್ರಾಯವೂ, ತೇವದ ಧಾತುವೂ ನನಗೆ ಹೆಚ್ಚು ಒಪ್ಪಿಗೆಯಾಗುತ್ತವೆ. ಆದರೂ ಟಿಪ್ಪಣಿಯಲ್ಲಿ ಎರಡು ವಾದಗಳನ್ನೂ ದಾಖಲಿಸಿರಿ.