ಎರಡು ರೋಯಿಂಗ್ ಕ್ಲಬ್ ಒಂದಾಗೋ ಮಾತು: ಸೆಕ್ರೆಟರಿಯಾಗಿ ನನ್ನ ಅನುಭವ

ಪಕ್ಕದ ಕ್ಲಬ್ ಜೊತೆ ನಮ್ಮ ಕ್ಲಬ್ ಸೇರಿಸ್ಬಿಡೋಣ ಅನ್ನೋ ಮಾತು ಎದ್ದಾಗ ಜನ ಮೊದ್ಲು ಕೇಳಿದ್ದು ಎರಡೇ ಪ್ರಶ್ನೆ, ಹೆಸ್ರು ಯಾರ್ದು ಉಳಿಯತ್ತೆ, ಹುಟ್ಟಿನ ಬ್ಲೇಡಿಗೆ ಯಾವ ಬಣ್ಣ ಬಳಿಯೋದು. ರೋಯಿಂಗ್ ಗೊತ್ತಿಲ್ದೋರಿಗೆ ಇದು ತಮಾಷೆ ಅನ್ನಿಸ್ಬಹುದು, ಆದ್ರೆ ರೇಸ್ ನಡೀವಾಗ ದಡದಲ್ಲಿ ನಿಂತೋರಿಗೆ ಮುಖ ಗೊತ್ತಾಗಲ್ಲ, ಬೋಟ್ ಯಾರ್ದು ಅಂತಾನೂ ಗೊತ್ತಾಗಲ್ಲ, ನೀರಿಂದ ಎದ್ದು ಮುಳುಗೋ ಬ್ಲೇಡಿನ ಬಣ್ಣ ಮಾತ್ರ ಗೊತ್ತಾಗೋದು, ಹಾಗಾಗಿ ಆ ಬಣ್ಣದ ಮೇಲೆ ಎಲ್ರಿಗೂ ಜೀವ. ನಾನು ಸೆಕ್ರೆಟರಿ, ಅಂದ್ರೆ ಸಂಬಳ ಇಲ್ದೆ ಬೈಸ್ಕೊಳ್ಳೋ ಕೆಲ್ಸ, ನಾನ್ ಹೇಳಿದ್ದು ಇಷ್ಟೇ: ಬಣ್ಣದ ವಿಷ್ಯ ಕಡೇಲಿ ನೋಡೋಣ, ಮೊದ್ಲು ಬೆಳಗಿನ ಜಾವ ಬೋಟ್‌ಹೌಸ್ ಬೀಗ ಯಾರು ತೆಗೀತಾರೆ ಅಂತ ಹೇಳಿ.

ಯಾಕಂದ್ರೆ ನಮ್ಮ ನಿಜವಾದ ಕಷ್ಟ ಅದೇ. ಲೆಕ್ಕ ನೋಡಿದ್ರೆ ಕ್ಲಬ್ ಮುಳುಗ್ತಾ ಇರ್ಲಿಲ್ಲ, ಮೆಂಬರ್ ಫೀಸಲ್ಲಿ ಇನ್ಶೂರೆನ್ಸ್, ಬಾಡಿಗೆ, ರಿಪೇರಿ ಎಲ್ಲ ಹೇಗೋ ತೂಗ್ತಿತ್ತು. ಖಾಲಿ ಆಗ್ತಿದ್ದಿದ್ದು ಜನ. ರೋ ಮಾಡೋ ಜನ ಅಲ್ಲ, ರೋ ಮಾಡಿಸೋ ಜನ. ಬೀಗ ತೆಗಿಯೋರು, ಸೇಫ್ಟಿ ಲಾಂಚ್ (ಯಾರಾದ್ರೂ ಮಗುಚಿದ್ರೆ ಎತ್ತೋಕೆ ಹಿಂದೆ ಬರೋ ಮೋಟಾರ್ ಬೋಟ್) ಓಡ್ಸೋರು, ಹೊಸಬ್ರಿಗೆ ಕಲಿಸೋರು, ಟ್ರೇಲರ್ ಎಳ್ಕೊಂಡು ರೆಗಟ್ಟಾಗೆ, ಅಂದ್ರೆ ಬೋಟ್ ರೇಸ್ ಕೂಟಕ್ಕೆ, ಹೋಗೋರು, ಆಮೇಲೆ ಕಾಕ್ಸ್. ಕಾಕ್ಸ್ ಅಂದ್ರೆ ಬೋಟಲ್ಲಿ ಮುಂದಕ್ಕೆ ಮುಖ ಮಾಡಿ ಕೂತು ಚುಕ್ಕಾಣಿ ಹಿಡಿಯೋರು, ಉಳಿದೋರೆಲ್ಲ ಬೆನ್ನು ಹಾಕಿ ಕೂತಿರ್ತಾರೆ. ಎಂಟು ಜನ ಹುಟ್ಟು ಹಾಕೋ ಬೋಟಿಗೆ, ನಾವು ಎಯ್ಟ್ ಅಂತೀವಿ, ಕಾಕ್ಸ್ ಬೇಕೇ ಬೇಕು. ಎಂಟು ಜನ ಟೈಮಿಗೆ ಸರಿಯಾಗಿ ಬಂದು ಒಂಬತ್ತನೇ ಮನುಷ್ಯ ಬರ್ದೇ ಎಲ್ರೂ ಒಳಗೇ ಹುಟ್ಟು ಹಾಕೋ ಅಭ್ಯಾಸದ ಎರ್ಗ್ ಮಷೀನ್ ಮೇಲೆ ಕೂತು ಬೆವರು ಸುರಿಸಿ ವಾಪಸ್ ಹೋದ ದಿನಗಳು ಬೇಕಾದಷ್ಟಿವೆ.

ಆ ಕಡೆ ಕ್ಲಬ್ ಕಥೆನೂ ಹೆಚ್ಚು ಕಮ್ಮಿ ಇದೇ, ಒಂದೇ ನೀರು, ಒಂದೇ ತೊಂದರೆ. ಅವ್ರ ಹತ್ರ ಜಾಗ ಜಾಸ್ತಿ, ನಮ್ ಹತ್ರ ಬೋಟ್ ಜಾಸ್ತಿ, ಹಾಗಾಗಿ ನೋಡೋರಿಗೆ ಜೋಡಿ ಚೆನ್ನಾಗಿದೆ ಅನ್ಸೋದು ಸಹಜ. ನಮ್ಮ ಕಮಿಟೀಲಿ ಒಬ್ರು ಹಿರಿಯರು "ಇದ್ರಲ್ಲಿ ಯೋಚ್ನೆ ಮಾಡೋಕೇನಿದೆ, ಸೇರಿದ್ರೆ ಎಲ್ಲಾ ಡಬಲ್" ಅಂದ್ರು. ನಾನು ಒಂದು ದೊಡ್ಡ ಹಾಳೆ ತಗೊಂಡು ವಾರದ ಏಳು ದಿನ, ಬೆಳಿಗ್ಗೆ ಸಂಜೆ, ಎರಡೂ ಕ್ಲಬ್ಬಿನ ಸೆಷನ್ ಬರೆದೆ, ಪ್ರತಿ ಸೆಷನ್ ಮುಂದೆ ಅದನ್ನ ನಡೆಸೋರ ಹೆಸ್ರು ಬರೆದೆ. ಆಗ ಕಂಡಿದ್ದೇನಂದ್ರೆ ಎರಡೂ ಕಡೆ ಜನ ಮುಗಿಬೀಳೋದು ಶನಿವಾರ ಭಾನುವಾರ ಬೆಳಿಗ್ಗೆ, ಎರಡೂ ಕಡೆ ಜನ ಇಲ್ದೇ ಇರೋದು ವಾರದ ಮಧ್ಯೆ. ಅಂದ್ರೆ ಸೇರಿದ್ರೆ ರಷ್ ಇದ್ದ ಕಡೆ ರಷ್ ಡಬಲ್ ಆಗತ್ತೆ, ಖಾಲಿ ಇದ್ದಿದ್ದು ಖಾಲೀನೇ ಇರತ್ತೆ. ಇನ್ನೊಂದು, ಲಾಂಚ್ ಓಡ್ಸೋರ ಪಟ್ಟೀಲಿ ಮೂರು ಹೆಸ್ರು ಎರಡೂ ಕ್ಲಬ್ಬಲ್ಲಿ ಇದ್ವು, ಅವೇ ಮನುಷ್ಯರು, ನಾವು ಅವ್ರನ್ನ ಎರಡು ಸಲ ಎಣಿಸ್ತಾ ಇದ್ವಿ! ಕ್ಲಬ್ ಸೇರ್ಸೋ ಯೋಚನೆ ಇರೋರು ಬೇರೇನೂ ಮಾಡದಿದ್ರೂ ಈ ಹಾಳೆ ಒಂದು ಮಾಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ಆಮೇಲೆ ನೋಡ್ಕೊಬಹುದು.

ಬೋಟ್ ಲೆಕ್ಕದಲ್ಲೂ ಇದೇ ಥರ. "ನಮ್ಮದು ಇಷ್ಟು ಬೋಟ್, ನಿಮ್ಮದು ಇಷ್ಟು" ಅಂತ ಕೂಡಿಸೋದ್ರಿಂದ ಏನೂ ಗೊತ್ತಾಗಲ್ಲ. ಪ್ರತಿ ಹಲ್, ಅಂದ್ರೆ ಬೋಟಿನ ಒಡಲು, ಇಂತಿಷ್ಟು ಸರಾಸರಿ ತೂಕದ ಜನಕ್ಕೆ ಅಂತ ಮಾಡಿರ್ತಾರೆ, ಹಗೂರ ಜನಕ್ಕೆ ಮಾಡಿದ ಬೋಟಲ್ಲಿ ದಪ್ಪ ಆಳುಗಳು ಕೂತ್ರೆ ಅದು ನೀರಲ್ಲಿ ತಗ್ಗಿ ಕೂರತ್ತೆ, ರಿಗ್ಗರ್ (ಬೋಟ್ ಪಕ್ಕಕ್ಕೆ ಚಾಚಿ ಹುಟ್ಟು ಹಿಡಿಯೋ ಚೌಕಟ್ಟು) ಕೆಳಗಾಗತ್ತೆ, ಅಲೆ ಬಂದ್ರೆ ನೀರು ಒಳಗೆ, ಹುಟ್ಟು ಎತ್ತೋಕೆ ಜಾಗ ಸಾಲಲ್ಲ. ಉಲ್ಟಾ ಆದ್ರೆ ಹಗೂರದೋರು ಬೋಟ್ ಮೇಲೆ ತೇಲಿ ಕೂತಂಗೆ ಆಗತ್ತೆ, ಗಾಳಿ ಬಂದ್ರೆ ಹಿಡಿಯೋಕಾಗಲ್ಲ. ನಮ್ ಹತ್ರ ಇದ್ದ ಫೋರ್, ಅಂದ್ರೆ ನಾಲ್ಕು ಜನದ ಬೋಟ್, ಎಲ್ಲ ಭಾರದ ಗಂಡಸ್ರಿಗೆ ಮಾಡಿದ್ದು, ಆದ್ರೆ ಹೊಸದಾಗಿ ಸೇರ್ತಾ ಇದ್ದೋರಲ್ಲಿ ಹೆಂಗಸ್ರು, ಹುಡುಗ್ರು ಹೆಚ್ಚು. ಅವ್ರ ಬೋಟೂ ಹಾಗೇ ಇದ್ವು. ಪಟ್ಟೀಲಿ ಬೋಟು ತುಂಬಿತ್ತು, ಕೂರ್ಸೋಕೆ ಸರಿಯಾದ ಬೋಟು ಎರಡೂ ಕಡೆ ಇಲ್ಲ. ಅಷ್ಟಾದ್ಮೇಲೂ ಕೆಲವ್ರು ಸೇರಿದ ಖುಷಿಗೆ ಒಂದು ಹೊಸ ಕಾರ್ಬನ್ ಎಯ್ಟ್ ತಗೊಳ್ಳೋಣ ಅಂದ್ರು, ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋದು ಇದಕ್ಕೇ.

ಬೋಟಿನ ವಯಸ್ಸು ಕೇಳೋದ್ರಲ್ಲೂ ಅರ್ಥ ಇಲ್ಲ, ಮುಟ್ಟಿ ನೋಡ್ಬೇಕು. ಕಾರ್ಬನ್ ಹಲ್ಲಿನ ಎರಡು ಪದರದ ಮಧ್ಯೆ ಜೇನುಗೂಡಿನ ಥರದ ಕೋರ್ ಇರತ್ತೆ, ಅದು ಸಡಿಲ ಆದ್ರೆ ಹೆಬ್ಬೆರಳಲ್ಲಿ ಒತ್ತಿದ್ರೇ ಮೆತ್ತಗೆ ಒಳಗೆ ಹೋಗತ್ತೆ, ಬಣ್ಣ ಎಷ್ಟು ಹೊಳೀತಿದ್ರೂ ಆ ಬೋಟ್ ಎಳೆದಷ್ಟು ಮುಂದೆ ಹೋಗಲ್ಲ. ನಮ್ಮ ಬೋಟ್ ನೋಡ್ಕೊಳ್ಳೋ ಹುಡುಗ ಅವ್ರ ಕಡೆಗೆ ಹೋಗಿ ಒತ್ತಿ ನೋಡಿದ, ಅವ್ರ ಕಡೆಯವ್ರು ಬಂದು ನಮ್ಮದು ಒತ್ತಿ ನೋಡಿದ್ರು, ಇನ್ಶೂರೆನ್ಸ್ ಪೇಪರಲ್ಲಿ ಬರೆದ ಬೆಲೆಗೂ ಬೋಟಿನ ಯೋಗ್ಯತೆಗೂ ಸಂಬಂಧ ಇಲ್ಲ ಅಂತ ಇಬ್ರಿಗೂ ಒಂದೇ ದಿನ ಗೊತ್ತಾಯ್ತು. ಜೊತೆಗೇ ಸೇಫ್ಟಿ ಚೆಕ್ಕೂ ಮಾಡಿಸ್ದೆ, ಮೂತಿಗೆ ಬಿಳಿ ರಬ್ಬರ್ ಬಾಲ್ ಇದೆಯಾ, ಬೋಟಿಗೇ ಜೋಡಿಸಿರೋ ಶೂಸಿನ ಹಿಮ್ಮಡಿಗೆ ದಾರ ಕಟ್ಟಿದೆಯಾ ಅಂತ. ಆ ದಾರ ಹಿಮ್ಮಡಿ ಮೇಲೇಳದಂಗೆ ಹಿಡ್ಕೊಳ್ಳತ್ತೆ, ಬೋಟ್ ಮಗುಚಿದಾಗ ಕಾಲು ತಾನಾಗೇ ಶೂ ಬಿಟ್ಟು ಈಚೆ ಬರೋದು ಅದ್ರಿಂದ್ಲೇ. ಅದಿಲ್ದೆ ಒಂದು ಬೋಟೂ ನೀರಿಗಿಳೀಬಾರ್ದು, ಇದ್ರಲ್ಲಿ ನನ್ನ ಜೊತೆ ವಾದ ಬೇಡ.

ಜಾಗದ ವಿಷ್ಯ. ಎಯ್ಟ್ ಬೋಟ್ ಹದಿನೇಳು ಮೀಟರ್ ದಾಟತ್ತೆ, ರೇಸಿಗೆ ಅದರ ಕನಿಷ್ಠ ತೂಕ 96 ಕೆಜಿ. ಒಬ್ರೇ ಕೂರೋ ಸಿಂಗಲ್ ಸ್ಕಲ್ ಎಂಟು ಮೀಟರ್ ಮೇಲೆ, ಕನಿಷ್ಠ 14 ಕೆಜಿ, ಒಬ್ರೇ ಹೆಗಲ ಮೇಲೆ ಹೊತ್ಕೊಂಡು ಹೋಗ್ಬಹುದು. ಇದು ಎತ್ತೋರ ಲೆಕ್ಕ ಆಯ್ತು, ಇಡೋದಕ್ಕೆ ಮಾತ್ರ ಉದ್ದನೇ ಲೆಕ್ಕ. ನಮ್ಮ ಶೆಡ್ಡಲ್ಲಿ ಎಯ್ಟ್ ಇಡೋಕಾಗಲ್ಲ, ಮಧ್ಯದಲ್ಲಿ ಬೋಲ್ಟ್ ಬಿಚ್ಚಿ ಎರಡು ತುಂಡು ಮಾಡಿ ಇಡ್ತಿದ್ವಿ, ಪ್ರತಿ ಸಲ ಬಿಚ್ಚೋದು ಜೋಡಿಸೋದು, ಕೊನೆಗೆ ಯಾರೂ ಅದನ್ನ ತೆಗೀತಾನೇ ಇರ್ಲಿಲ್ಲ. ಅವ್ರ ಶೆಡ್ ಉದ್ದ ಇತ್ತು ಅನ್ನೋದೇ ಒಂದಾಗೋಕೆ ನನಗೆ ಕಂಡ ದೊಡ್ಡ ಕಾರಣ. ಆದ್ರೆ ಅವ್ರು ಸಮುದ್ರದ ಅಲೇಲಿ ಓಡ್ಸೋ ಕೋಸ್ಟಲ್ ಬೋಟ್ ಬೇರೆ ತಗೊಂಡಿದ್ರು, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಲ್ಲಿ ಬೀಚ್ ಸ್ಪ್ರಿಂಟ್ ಅನ್ನೋ ಸಮುದ್ರ ದಡದ ರೇಸ್ ಬರ್ತಿದೆಯಲ್ಲ, ಹುಡುಗ್ರಿಗೆ ಅದ್ರ ಮೇಲೆ ಆಸೆ. ಕೋಸ್ಟಲ್ ಸಿಂಗಲ್ ಕನಿಷ್ಠ 35 ಕೆಜಿ, ನಾಲ್ಕು ಜನ ಜೊತೆಗೆ ಕಾಕ್ಸ್ ಇರೋ ಕೋಸ್ಟಲ್ ಕ್ವಾಡ್ 150 ಕೆಜಿ, ಅಗಲಾನೂ ಜಾಸ್ತಿ, ಮಾಮೂಲಿ ರ್ಯಾಕಲ್ಲಿ ಕೂರಲ್ಲ, ಟ್ರಾಲಿ ಮೇಲೆ ನೆಲದಲ್ಲೇ ಇಡ್ಬೇಕು. ಹಾಗಾಗಿ ಉದ್ದ ಇದ್ದ ಶೆಡ್ಡಿನ ನೆಲ ಆಗ್ಲೇ ತುಂಬಿತ್ತು. ನಾವು ಟೇಪ್ ಹಿಡ್ದು ಅಳೆದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬೋಟ್ ಗೆರೆ ಎಳೆದು ನೋಡಿದ್ವಿ, ಇದನ್ನ ನಕ್ಷೆ ಮೇಲೆ ಮಾಡ್ಬೇಡಿ, ರಿಗ್ಗರ್ ಚಾಚಿಕೊಂಡಿರೋದು ನಕ್ಷೇಲಿ ಯಾರಿಗೂ ನೆನಪಾಗಲ್ಲ.

ಕಾಗದಪತ್ರದ ಕೆಲ್ಸ ಬೋರ್ ಹೊಡ್ಸತ್ತೆ ಆದ್ರೂ ಹೇಳ್ಬೇಕು. ಎರಡು ಕ್ಲಬ್ ಒಂದಾಗೋಕೆ ಎರಡು ದಾರಿ, ಎರಡನ್ನೂ ಮುಚ್ಚಿ ಹೊಸದೊಂದು ಕಟ್ಟೋದು, ಇಲ್ಲ ಒಂದು ಕ್ಲಬ್ ತನ್ನ ಆಸ್ತಿ ಮೆಂಬರ್ಸ್ ಎಲ್ಲ ಇನ್ನೊಂದಕ್ಕೆ ವಹಿಸಿ ತಾನು ಮುಚ್ಕೊಳ್ಳೋದು. ಹೊಸದು ಕಟ್ಟೋದು ಕೇಳೋಕೆ ಸಮಾನ ಅನ್ಸತ್ತೆ, ಯಾರಿಗೂ ಸೋತ ಭಾವನೆ ಇರಲ್ಲ, ಆದ್ರೆ ಜಾಗದ ಲೀಸು, ಬ್ಯಾಂಕ್ ಖಾತೆ, ಇನ್ಶೂರೆನ್ಸ್, ಫೆಡರೇಷನ್ ಸದಸ್ಯತ್ವ ಎಲ್ಲ ಮೊದ್ಲಿಂದ ಶುರು. ಎರಡನೇದ್ರಲ್ಲಿ ಅರ್ಧ ತಲೆನೋವು ಇರಲ್ಲ, ಆದ್ರೆ ಮುಚ್ಕೊಳ್ಳೋದು ಯಾರು? ಆಮೇಲೆ ಅನುದಾನದಲ್ಲಿ ತಗೊಂಡ ಬೋಟ್ ಇದ್ರೆ ಅದನ್ನ ಬೇರೆಯವ್ರಿಗೆ ಕೊಡಬಾರ್ದು ಅಂತ ಷರತ್ತು ಇರ್ಬಹುದು, ಲೀಸಲ್ಲಿ ಮಾಲೀಕರ ಒಪ್ಪಿಗೆ ಬೇಕು ಅಂತ ಇರ್ಬಹುದು, ಸತ್ತೋದ ಹಳೇ ಮೆಂಬರ್ ಮನೆಯವ್ರು ಕೊಟ್ಟ ಬೋಟಿಗೆ ಬಾಯ್ಮಾತಿನ ಷರತ್ತು ಇರತ್ತೆ, ಅದು ಎಲ್ಲೂ ಬರೆದಿರಲ್ಲ, ಮುರಿದ್ರೆ ಮಾತ್ರ ಊರೆಲ್ಲ ಗೊತ್ತಾಗತ್ತೆ. ರಿಜಿಸ್ಟರ್ ಆಗದ ಕ್ಲಬ್ ಆದ್ರೆ ಸಾಲಕ್ಕೆ ಕಮಿಟಿಯೋರೇ ಸ್ವಂತಕ್ಕೆ ಹೊಣೆ ಆಗೋ ಕಾನೂನು ತುಂಬಾ ಕಡೆ ಇದೆ, ಸೇರೋಕೆ ಮುಂಚೆ ವಕೀಲರ ಹತ್ರ ಒಂದ್ಸಲ ಕೂರಿ. ಮಕ್ಕಳಿಗೆ ಕಲಿಸೋ ಕ್ಲಬ್ ಆಗಿದ್ರೆ ಆ ಕಡೆ ಕೋಚ್‌ಗಳ ಹಿನ್ನೆಲೆ ಚೆಕ್ ಆಗಿದೆಯಾ ಅಂತ ಕೇಳೋಕೆ ಸಂಕೋಚ ಬೇಡ, ನಾನು ಕೇಳ್ದಾಗ ಅಲ್ಲಿಯವ್ರು ಸ್ವಲ್ಪ ಮುಖ ಗಂಟು ಹಾಕಿದ್ರು, ಆದ್ರೂ ಪೇಪರ್ಸ್ ಕೊಟ್ರು.

ಇದೆಲ್ಲ ನಡೀವಾಗ ನನಗೆ ಬಲ ಕೊಟ್ಟಿದ್ದು ರೋಯಿಂಗಿನದೇ ಒಂದು ಹಳೇ ಕಥೆ. ಇಂಗ್ಲೆಂಡಲ್ಲಿ 1882ರಲ್ಲಿ ಅಮೆಚೂರ್ ರೋಯಿಂಗ್ ಅಸೋಸಿಯೇಷನ್ ಅಂತ ಶುರುವಾಯ್ತು, ಮೈಮುರಿದು ಕೈಕೆಲ್ಸ ಮಾಡೋರು, ಮೆಕ್ಯಾನಿಕ್ಕು, ಕೂಲಿಯೋರು ಅಮೆಚೂರ್, ಅಂದ್ರೆ ಹವ್ಯಾಸಿ, ಅಲ್ಲ ಅನ್ನೋದು ಅವ್ರ ನಿಯಮ, ದುಡ್ಡು ತಗೊಂಡು ರೋ ಮಾಡದಿದ್ರೂ ಅಷ್ಟೇ. ಅದನ್ನ ಒಪ್ಪದೋರು 1890ರಲ್ಲಿ ನ್ಯಾಷನಲ್ ಅಮೆಚೂರ್ ರೋಯಿಂಗ್ ಅಸೋಸಿಯೇಷನ್ ಅಂತ ಬೇರೇನೇ ಮಾಡ್ಕೊಂಡ್ರು. 1936ರಲ್ಲಿ ಒಲಿಂಪಿಕ್ಸಿಗೆ ಬಂದಿದ್ದ ಆಸ್ಟ್ರೇಲಿಯಾದ ಎಯ್ಟ್ ತಂಡಕ್ಕೆ, ಅವ್ರು ಪೊಲೀಸ್ನೋರು ಅನ್ನೋ ಕಾರಣಕ್ಕೆ, ಇಂಗ್ಲೆಂಡಿನ ಹೆಸರಾಂತ ಹೆನ್ಲಿ ರೆಗಟ್ಟಾಲಿ ಜಾಗ ಸಿಗ್ಲಿಲ್ಲ, ದೊಡ್ಡ ಗಲಾಟೆ ಆಗಿ 1937ರಲ್ಲಿ ಆ ಕೈಕೆಲ್ಸದ ನಿಯಮ ಕಿತ್ತಾಕಿದ್ರು. ಅಂದ್ರೆ ಬೇರೆ ಆಗೋಕೆ ಇದ್ದ ಕಾರಣಾನೇ ಹೋಯ್ತು. ಆದ್ರೂ ಎರಡು ಸಂಸ್ಥೆ ಒಂದಾಗಿದ್ದು 1956ರಲ್ಲಿ! ಮಧ್ಯೆ ಯುದ್ಧ ಬಂತು ಅನ್ನೋದು ನಿಜ, ಆದ್ರೂ ಹತ್ತೊಂಬತ್ತು ವರ್ಷ. ನಮ್ಮ ಎರಡು ಕ್ಲಬ್ ಯಾಕೆ ಬೇರೆ ಆಯ್ತು ಅಂತ ಕೇಳಿದ್ರೆ ಈಗಿರೋರಲ್ಲಿ ಒಬ್ರಿಗೂ ಸರಿಯಾಗಿ ಗೊತ್ತಿಲ್ಲ, ಆದ್ರೆ ಬೇರೆ ಆಗೇ ಇರ್ಬೇಕು ಅನ್ನೋದು ಮಾತ್ರ ಗಟ್ಟಿಯಾಗಿ ಗೊತ್ತು, ಹಾಗಾಗಿ ಒಂದು ಸೀಸನ್ನಲ್ಲಿ ಎಲ್ಲಾ ಮುಗಿಸ್ಬೇಕು ಅಂತ ಒತ್ತಡ ಹಾಕ್ತಿದ್ದೋರಿಗೆ ನಾನು ಈ ಕಥೆ ಹೇಳ್ತಿದ್ದೆ.

ಮತ ಹಾಕೋಕೆ ಮುಂಚೆ ಒಂದು ಸೀಸನ್ ಒಟ್ಟಿಗೆ ನಡೆಸಿ ನೋಡೋಣ ಅಂತ ನಾನೇ ಹಠ ಹಿಡಿದೆ. ಒಂದೇ ಸೆಷನ್ ಪಟ್ಟಿ, ಒಂದೇ ಸೇಫ್ಟಿ ನಿಯಮ, ಎರಡೂ ಕಡೆಯಿಂದ ಕಾಕ್ಸ್ ಕಲಿಯೋರ ಒಂದು ಬ್ಯಾಚ್. ಕಾಕ್ಸ್ ಬ್ಯಾಚ್ ಮಾತ್ರ ನಾನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿ ನಡೀತು, ಬೆನ್ನು ನೋವಿಂದ ರೋ ಮಾಡೋದು ಬಿಟ್ಟಿದ್ದ ಹಳಬ್ರು, ಎತ್ತರ ಸಾಲದ ಹುಡುಗೀರು, ಒಬ್ರ ಹೆಂಡ್ತಿ ಸುಮ್ನೆ ದಡದಲ್ಲಿ ಕಾಯ್ತಾ ಕೂರ್ತಿದ್ದೋರು, ಇವ್ರೆಲ್ಲ ಬಂದ್ರು, ರೇಸಲ್ಲಿ ಕಾಕ್ಸ್ 55 ಕೆಜಿಗಿಂತ ಕಮ್ಮಿ ಇದ್ರೆ ಮರಳು ಚೀಲ ಇಟ್ಟು ತೂಕ ಸರಿ ಮಾಡ್ತಾರೆ ಅಂದಾಗ ನಕ್ಕಿದ್ದೇ ನಕ್ಕಿದ್ದು. ಎಯ್ಟ್ ವಾರಕ್ಕೆ ನಾಲ್ಕು ಸಲ ನೀರಿಗಿಳಿಯೋಕೆ ಶುರುವಾಯ್ತು. ಕೆಟ್ಟಿದ್ದು ಎಲ್ಲಿ ಅಂದ್ರೆ ಕೋಚಿಂಗಲ್ಲಿ. ನಾವು ಹುಟ್ಟು ನೀರಿಂದ ತೆಗೆದ ಮೇಲೆ ಕೈ ಬೇಗ ಆಚೆ ತಳ್ಳಿ ಅಂತ ಹೇಳ್ಕೊಡ್ತೀವಿ, ಅವ್ರು ಸೊಂಟದ ಹತ್ರ ಒಂದು ಗಳಿಗೆ ನಿಲ್ಸಿ ಅಂತಾರೆ, ಒಂದೇ ಬೋಟಲ್ಲಿ ನಾಲ್ಕು ಜನ ಹಾಗೆ ನಾಲ್ಕು ಜನ ಹೀಗೆ ಮಾಡಿದ್ರೆ ಬೋಟ್ ಎಡಕ್ಕೊಂದ್ಸಲ ಬಲಕ್ಕೊಂದ್ಸಲ ವಾಲಾಡತ್ತೆ. ಇದು ಯಾವ ಒಪ್ಪಂದದ ಕಾಗದಕ್ಕೂ ಬರಲ್ಲ, ಆದ್ರೆ ಜಗಳ ಆಗಿದ್ದು ದುಡ್ಡಿಗಿಂತ ಇದಕ್ಕೇ ಜಾಸ್ತಿ. ಇಬ್ರು ಕೋಚ್‌ಗಳೂ ಒಬ್ರ ಮುಂದೆ ಒಬ್ರು "ಸಾರ್ ಸಾರ್" ಅಂತಾನೇ ಮಾತಾಡ್ತಿದ್ರು, ಆ ಕಡೆ ಹೋದ್ಮೇಲೆ ಶಿಷ್ಯರ ಹತ್ರ ಬೇರೆ ಮಾತು.

ಮತದಾನ ಆಯ್ತು. ಎರಡೂ ಬೈಲಾದಲ್ಲಿ ಕ್ಲಬ್ ಮುಚ್ಚೋಕೆ ಮುಕ್ಕಾಲು ಪಾಲು ಒಪ್ಪಿಗೆ ಬೇಕು, ನಮ್ಮಲ್ಲಿ ಬಂತು, ಅವ್ರಲ್ಲಿ ಸ್ವಲ್ಪದ್ರಲ್ಲಿ ತಪ್ಪೋಯ್ತು. ಬೇಡ ಅಂದೋರಲ್ಲಿ ಹೆಚ್ಚಿನೋರು ನೀರಿಗಿಳಿದು ವರ್ಷಗಳಾಗಿರೋ ಲೈಫ್ ಮೆಂಬರ್ಸ್, ಇದ್ರ ಬಗ್ಗೆ ನಮ್ಮ ಹುಡುಗ್ರಿಗೆ ಇನ್ನೂ ಕೋಪ ಇದೆ. ನನಗೆ ಅಷ್ಟಿಲ್ಲ, ಆ ಶೆಡ್ ಕಟ್ಟೋಕೆ ಕಲ್ಲು ಹೊತ್ತೋರು ಅವ್ರೇ, ಕೇಳೋ ಹಕ್ಕಿದೆ. ಆದ್ರೆ ನಮ್ಮ ಬೈಲಾಲಿ ಲೈಫ್ ಮೆಂಬರ್ ಮತದ ಬಗ್ಗೆ ಏನಿದೆ ಅಂತ ಅವತ್ತೇ ರಾತ್ರಿ ಹೋಗಿ ನೋಡಿದೆ, ನೀವೂ ಮಾತುಕತೆ ಶುರು ಮಾಡೋಕೆ ಮುಂಚೆನೇ ನೋಡ್ಕೊಳ್ಳಿ.

ಈಗ ಎರಡು ಕ್ಲಬ್ಬೂ ಬೇರೆ ಬೇರೇನೇ ಇದೆ. ಕಾಕ್ಸ್ ಬ್ಯಾಚ್ ಮತ್ತೆ ಸೆಷನ್ ಪಟ್ಟಿ ಮಾತ್ರ ಜಂಟಿಯಾಗಿ ಮುಂದುವರೆದಿದೆ, ಅದಕ್ಕೊಂದು ಎರಡು ಪುಟದ ಒಪ್ಪಂದ, ವರ್ಷಕ್ಕೊಮ್ಮೆ ರಿನ್ಯೂ. ನಮ್ಮ ಎಯ್ಟ್ ಅವ್ರ ಶೆಡ್ಡಲ್ಲಿದೆ, ಅವ್ರ ಎರಡು ಡಬಲ್ (ಇಬ್ರು ಕೂರೋ ಬೋಟ್) ನಮ್ಮ ರ್ಯಾಕಲ್ಲಿದೆ, ಡ್ಯಾಮೇಜ್ ಆದ್ರೆ ಯಾರ ಇನ್ಶೂರೆನ್ಸ್ ಅಂತ ಬರೆದು ಸಹಿ ಹಾಕಿದೀವಿ. ರೆಗಟ್ಟಾಗೆ ಎಯ್ಟ್ ಕಳಿಸ್ಬೇಕಾದ್ರೆ ಎರಡು ಕ್ಲಬ್ಬಿನ ಮಿಶ್ರ ತಂಡ ಅಂತ ಎಂಟ್ರಿ ಹಾಕ್ತೀವಿ, ಹಾಗೆ ಬಿಡೋ ರೆಗಟ್ಟಾಗೆ ಮಾತ್ರ ಹೋಗೋದು. ಬ್ಲೇಡಂತೂ ಎಡಗಡೆ ನಾಲ್ಕು ನಮ್ಮ ಬಣ್ಣ, ಬಲಗಡೆ ನಾಲ್ಕು ಅವ್ರ ಬಣ್ಣ, ಅಂಪೈರ್ ಒಂದ್ಸಲ ಕರೆದು ಇದೇನ್ರೀ ಅಂತ ಕೇಳಿದ್ರು. ಮತ್ತೆ ಮತಕ್ಕೆ ಹಾಕೋದಾದ್ರೆ ಅದು ಮುಂದಿನ ಕಮಿಟಿ ಕೆಲ್ಸ, ನನ್ನ ಅವಧಿ ಮುಗೀತಿದೆ, ಸೆಷನ್ ಹಾಳೆ ಮತ್ತೆ ಬೋಟ್ ಪಟ್ಟಿ ಎರಡನ್ನೂ ಅಪ್ಡೇಟ್ ಮಾಡಿ ಹೊಸ ಸೆಕ್ರೆಟರಿಗೆ ಕೊಟ್ಟಿದೀನಿ, ವಾರದ ಮಧ್ಯೆ ಬುಧವಾರ ಬೆಳಿಗ್ಗೆ ಕಾಲಂ ಇನ್ನೂ ಖಾಲಿ ಇದೆ.