ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡಬೇಕು?

ಆಂಬ್ಯುಲೆನ್ಸ್‌ನಲ್ಲಿ ಪೇಷಂಟನ್ನು ನೋಡಿಕೊಳ್ಳುವ ಇಎಂಟಿ (ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್) ಕೋರ್ಸ್ ಮುಗಿಸಿದವರು ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಸಂಬಳ ಎಷ್ಟು ಅಂತ. ಅದರಲ್ಲಿ ತಪ್ಪೇನಿಲ್ಲ. ಮನೆ ನಡೆಯಬೇಕು, ಫೀಸಿಗೆ ಮಾಡಿದ ಸಾಲ ತೀರಬೇಕು. ಆದರೆ ಮೈಸೂರಿನಲ್ಲಿ ಮೊದಲ ಆಂಬ್ಯುಲೆನ್ಸ್ ಕೆಲಸ ಹುಡುಕುವಾಗ ನಾನು ಹೋದ ಕಡೆಯೆಲ್ಲ ಕೇಳಿದ್ದು ಬೇರೆ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಗಾಡಿಯೊಳಗೆ ಪೇಷಂಟ್ ಸೀರಿಯಸ್ ಆದರೆ ನಾನು ಯಾರಿಗೆ ಫೋನ್ ಮಾಡಬೇಕು? ಅವರು ಫೋನ್ ಎತ್ತುತ್ತಾರಾ?

ಈ ಪ್ರಶ್ನೆಗೆ ಬಂದ ಉತ್ತರದಲ್ಲೇ ಕೆಲಸದ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು.

ಕೋರ್ಸ್‌ನಲ್ಲಿ ನಾವು ಬೊಂಬೆಯ ಮೇಲೆ ಸಿಪಿಆರ್ ಕಲಿತಿರುತ್ತೇವೆ. 30 ಸಲ ಎದೆ ಒತ್ತು, 2 ಸಲ ಉಸಿರು ಕೊಡು, ಆಳ 5ರಿಂದ 6 ಸೆಂಟಿಮೀಟರ್, ನಿಮಿಷಕ್ಕೆ 100ರಿಂದ 120. ಎಲ್ಲ ಬಾಯಿಪಾಠ. ಆದರೆ ಓಡುವ ಗಾಡಿಯಲ್ಲಿ ಹಿಂದೆ ಇರುವವರು ನೀವೊಬ್ಬರೇ. ಪೇಷಂಟ್ ಕಡೆಯವರು ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಆಗ ಫೋನಿನ ಆ ತುದಿಯಲ್ಲಿ ಗೊತ್ತಿರುವ ಒಬ್ಬರು ಇದ್ದಾರೋ ಇಲ್ಲವೋ ಅನ್ನುವುದು ಪೇಷಂಟಿನ ಜೀವದ ಮಾತು. ನಾವು ಮುಂದೆ ಎಂಥ ಇಎಂಟಿ ಆಗುತ್ತೇವೆ ಅನ್ನುವುದೂ ಅಲ್ಲೇ ಇದೆ.

ಮೈಸೂರು, ಮಂಡ್ಯ ಕಡೆ ನಮಗೆ ಕೆಲಸ ಸಿಗುವ ಜಾಗಗಳು ಹೆಚ್ಚುಕಡಿಮೆ ಇಷ್ಟೇ. 2008ರ ನವೆಂಬರ್‌ನಲ್ಲಿ ಆರೋಗ್ಯ ಕವಚ ಹೆಸರಲ್ಲಿ ಶುರುವಾದ 108. ಖಾಸಗಿ ಆಸ್ಪತ್ರೆಗಳ ಸ್ವಂತ ಗಾಡಿಗಳು. ದೊಡ್ಡ ಆಸ್ಪತ್ರೆಗಳ ಗೇಟಿನ ಬಳಿ ನಿಲ್ಲುವ ಖಾಸಗಿ ಮಾಲೀಕರ ಗಾಡಿಗಳು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡಿದರೆ ಬರುವ ಹೆದ್ದಾರಿ ಆಂಬ್ಯುಲೆನ್ಸ್. ಇನ್ನು ನಂಜನಗೂಡು, ಹೆಬ್ಬಾಳ ಕಡೆಯ ಕಾರ್ಖಾನೆಗಳು. 500ಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಆಂಬ್ಯುಲೆನ್ಸ್ ರೂಮ್ ಇರಲೇಬೇಕು ಅನ್ನುವುದು ಕಾನೂನು. ಅಲ್ಲಿ ಸಂಬಳ, ಬಸ್ಸು, ಊಟ ಎಲ್ಲ ಚೆನ್ನಾಗಿಯೇ ಇರುತ್ತದೆ. ಆದರೆ ಹೊಸಬರಿಗೆ ಕೈ ಪಳಗಲು ಅಲ್ಲಿ ಕೇಸುಗಳೇ ಸಾಲದು ಎಂದು ಅದನ್ನು ನಾನು ಮೊದಲೇ ಬಿಟ್ಟೆ.

ವಿಚಾರಿಸುವುದಕ್ಕೆ ಎಚ್ಆರ್ ಆಫೀಸಿಗಿಂತ ಮೊದಲು ಡ್ರೈವರ್‌ಗಳ ಹತ್ತಿರ ಹೋದೆ. ಕೆ.ಆರ್. ಆಸ್ಪತ್ರೆ ಸುತ್ತಮುತ್ತ ಟೀ ಅಂಗಡಿಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಮೈಸೂರಿನ ಗಾಡಿಗಳ ಚರಿತ್ರೆಯೆಲ್ಲ ಗೊತ್ತಾಗುತ್ತದೆ. ಯಾವ ಗಾಡಿಯ ಬ್ರೇಕ್ ಸರಿ ಇದೆ, ಎಲ್ಲಿ ಸಂಬಳ ಹತ್ತನೇ ತಾರೀಕು ದಾಟುತ್ತದೆ, ಎಲ್ಲಿ ಇಎಂಟಿಗಳು ಆರು ತಿಂಗಳೂ ನಿಲ್ಲುವುದಿಲ್ಲ, ಎಲ್ಲ. ಅಲ್ಲಿ ವಯಸ್ಸಾದ ಡ್ರೈವರಣ್ಣ ಒಬ್ಬರು ನನಗೆ ಹೇಳಿದರು: "ನೋಡಪ್ಪಾ, ಒಳಗಿರೋರು ಚೆನ್ನಾಗೈತೆ ಅಂತಾನೇ ಅಂತಾರೆ. ಬುಟ್ಟು ಹೋದೋರ್ನ ಹುಡುಕಿ ಕೇಳು." ಅದನ್ನು ಹಾಗೆಯೇ ಪಾಲಿಸಿದೆ. ಬಿಟ್ಟು ಹೋದವರು ಸಂಬಳದ ಬಗ್ಗೆ ಮಾತಾಡಿದ್ದು ಕಡಿಮೆ. "ಅಲ್ಲಿ ನನಗೆ ಏನೂ ಹೇಳಿಕೊಡಲಿಲ್ಲ" ಅಂದವರೇ ಜಾಸ್ತಿ.

ಒಂದು ಖಾಸಗಿ ಮಾಲೀಕರ ಹತ್ತಿರ ಸಂಬಳ ಎಲ್ಲರಿಗಿಂತ ಜಾಸ್ತಿ ಇತ್ತು. ಟ್ರಿಪ್‌ಗೆ ಇಷ್ಟು ಅಂತ ಬೇರೆ. ನನ್ನ ಪ್ರಶ್ನೆ ಕೇಳಿದೆ. "ಫೋನ್ ಯಾರಿಗೂ ಬೇಡ, ಗಾಡಿ ಸ್ಪೀಡಾಗಿ ಓಡ್ಸೋಕೆ ಹೇಳಿ, ಸಾಕು" ಅಂದರು. ಆಮೇಲೆ ಇನ್ನೊಂದು ಮಾತು ಬಂತು. ದಾರಿಯಲ್ಲಿ ಪೇಷಂಟ್ ಕಡೆಯವರಿಗೆ ಇಂಥ ಆಸ್ಪತ್ರೆಯೇ ಚೆನ್ನಾಗಿದೆ ಎಂದು ನಾನು ಹೇಳಬೇಕು, ಅದರಲ್ಲಿ ನನಗೂ ಒಂದಿಷ್ಟು ಬರುತ್ತದೆ. ನಾನು ಕೈಮುಗಿದು ಎದ್ದುಬಂದೆ. ಎಲ್ಲ ಮಾಲೀಕರೂ ಹೀಗಿಲ್ಲ. ಬಡವರ ಹೆಣವನ್ನು ಡೀಸೆಲ್ ಕಾಸಷ್ಟೇ ಪಡೆದು ಊರಿಗೆ ಮುಟ್ಟಿಸುವವರನ್ನು ಅದೇ ಗೇಟುಗಳ ಬಳಿ ಕಂಡಿದ್ದೇನೆ. ಆದರೆ ಪೇಷಂಟನ್ನು ಎಲ್ಲಿಗೆ ಒಯ್ಯಬೇಕು ಅನ್ನುವುದನ್ನು ಕಮಿಷನ್ ತೀರ್ಮಾನಿಸುವ ಗಾಡಿಯಲ್ಲಿ ಹೊಸಬರು ಒಂದು ದಿನವೂ ಕೂರಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹತ್ತಿರದಲ್ಲೇ ಸ್ಟ್ರೋಕ್‌ಗೆ ಸ್ಕ್ಯಾನಿಂಗ್ ಇರುವ ಆಸ್ಪತ್ರೆ ಇದ್ದರೂ ದೂರದ ಕಡೆ ತಿರುಗಿಸುವುದು ಒಮ್ಮೆ ಅಭ್ಯಾಸವಾದರೆ ಕೈಯಲ್ಲಿರುವ ವಿದ್ಯೆಗೆ ಬೆಲೆಯೇ ಇರುವುದಿಲ್ಲ.

ಉಳಿದ ಕಡೆ ಇಂಟರ್‌ವ್ಯೂ ಮುಗಿದ ಮೇಲೆ ಒಂದೇ ವಿನಂತಿ ಮಾಡುತ್ತಿದ್ದೆ. "ಸರ್, ಸೇರುವ ಮುಂಚೆ ಒಂದು ನೈಟ್ ಡ್ಯೂಟಿ ಸುಮ್ನೆ ಜೊತೆಗೆ ಕೂತು ನೋಡಬಹುದಾ?" ಕೆಲವರು ಆಗಲ್ಲ ಅಂದರು. ಗಾಡಿಯ ಒಳಗಡೆಯಾದರೂ ತೋರಿಸಿ ಅಂದರೆ ಯಾರೂ ಬೇಡ ಅನ್ನಲಿಲ್ಲ.

ಒಳಗೆ ಹತ್ತಿದರೆ ನಾನು ಮೊದಲು ಕೈಹಾಕುವುದು ಆಕ್ಸಿಜನ್ ಗೇಜಿಗೆ. ತುಂಬಿದ ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ. ಮುಳ್ಳು ಕಾಲು ಭಾಗಕ್ಕೆ ಇಳಿದಿದ್ದರೆ 40 ನಿಮಿಷವೂ ಬರುವುದಿಲ್ಲ. ಅಷ್ಟರಲ್ಲಿ ಮಂಡ್ಯದಿಂದ ಮೈಸೂರಿನ ಆಸ್ಪತ್ರೆ ಬಾಗಿಲು ತಲುಪುವುದು ಕಷ್ಟ. ಆಮೇಲೆ ಬಾಯಿ, ಗಂಟಲಿನ ನೊರೆ ಎಳೆದು ತೆಗೆಯುವ ಸಕ್ಷನ್ ಮೆಷಿನ್. ಸ್ವಿಚ್ ಹಾಕಿ ಪೈಪಿನ ತುದಿಗೆ ಹೆಬ್ಬೆರಳು ಇಟ್ಟರೆ ಬೆರಳನ್ನು ಎಳೆಯಬೇಕು. ಒಂದು ಗಾಡಿಯಲ್ಲಿ ಸದ್ದು ಮಾತ್ರ ಬಂತು, ಎಳೆತ ಇರಲಿಲ್ಲ. ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್‌ಗೆ ಮಕ್ಕಳ ಮಾಸ್ಕ್ ಇದೆಯಾ, ಡೆಲಿವರಿ ಕಿಟ್‌ನ ಎಕ್ಸ್‌ಪೈರಿ ಏನು, ಸ್ಪೈನ್ ಬೋರ್ಡಿನ ಬೆಲ್ಟ್‌ಗಳು ಅಲ್ಲೇ ಇವೆಯಾ, ಗ್ಲೂಕೋಮೀಟರ್‌ಗೆ ಸ್ಟ್ರಿಪ್ ಇದೆಯಾ. ಇಷ್ಟು ನೋಡಲು ಹತ್ತು ನಿಮಿಷ ಸಾಕು. ಗಾಡಿಯ ಹೊರಗೆ ಐಸಿಯು ಎಂದು ದೊಡ್ಡದಾಗಿ ಬರೆದಿದ್ದಕ್ಕೆ ಮರುಳಾಗಬೇಡಿ. ನಮ್ಮ ದೇಶದ ಎಐಎಸ್-125 ನಿಯಮದಲ್ಲಿ ಆಂಬ್ಯುಲೆನ್ಸ್‌ಗಳಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ವಿಧ. ಬಿ ಅಂದರೆ ಪೇಷಂಟನ್ನು ಸಾಗಿಸುವ ಗಾಡಿ ಅಷ್ಟೇ. ಸಿ ಅಂದರೆ ಬಿಎಲ್‌ಎಸ್ (ಬೇಸಿಕ್ ಲೈಫ್ ಸಪೋರ್ಟ್), ಡಿ ಅಂದರೆ ಎಎಲ್‌ಎಸ್ (ಅಡ್ವಾನ್ಸ್ಡ್ ಲೈಫ್ ಸಪೋರ್ಟ್). "ಇದು ಯಾವ ಟೈಪ್ ಸರ್?" ಎಂದು ಕೇಳಿ. ಉತ್ತರ ಗೊತ್ತಿಲ್ಲದ ಮ್ಯಾನೇಜರ್ ಸಿಕ್ಕರೆ ಅದೂ ಒಂದು ಉತ್ತರವೇ ಅಲ್ವಾ?

ಕೊನೆಗೆ ಉಳಿದಿದ್ದು ಎರಡು. ಮಂಡ್ಯ ಜಿಲ್ಲೆಯಲ್ಲಿ 108, ಇಲ್ಲವೇ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಎಎಲ್‌ಎಸ್ ಗಾಡಿ.

108ರಲ್ಲಿ ನನ್ನ ಪ್ರಶ್ನೆಗೆ ಒಳ್ಳೆಯ ಉತ್ತರವೇ ಇದೆ. ಕಾಲ್ ಸೆಂಟರ್‌ನಲ್ಲಿ ಇಆರ್‌ಸಿಪಿ ಎಂದು ಕರೆಯುವ ಡಾಕ್ಟರ್‌ಗಳು ಇರುತ್ತಾರೆ. ಇಎಂಟಿ ಫೋನ್ ಮಾಡಿ ಬಿಪಿ, ಪಲ್ಸ್, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಹೇಳಿದರೆ ಏನು ಮಾಡಬೇಕು ಅಂತ ಅವರು ಹೇಳುತ್ತಾರೆ. ಕೇಸುಗಳಿಗೂ ಬರವಿಲ್ಲ. ಹೆದ್ದಾರಿ ಆಕ್ಸಿಡೆಂಟ್, ಕಬ್ಬಿನ ಗದ್ದೆಯಲ್ಲಿ ಹಾವು ಕಡಿತ, ಗಾಡಿಯಲ್ಲೇ ಹೆರಿಗೆ. ಆದರೆ ಮೊದಲ ದಿನದಿಂದಲೇ ಹಿಂದೆ ಒಬ್ಬರೇ. ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮಾಡಿ ವಾರ್ಡಿನಲ್ಲಿ ಒಂದೆರಡು ವರ್ಷ ದುಡಿದ ನರ್ಸ್‌ಗಳು 108ಕ್ಕೆ ನೇರ ಹೋದರೆ ಏನೂ ತೊಂದರೆ ಇಲ್ಲ. ಅವರಿಗೆ ರಕ್ತನಾಳಕ್ಕೆ ಐವಿ ಸೂಜಿ ಹಾಕುವುದು, ಸೀರಿಯಸ್ ಪೇಷಂಟಿನ ಮುಖ ನೋಡಿದ ತಕ್ಷಣ ಗುರುತಿಸುವುದು ಬಂದಿರುತ್ತದೆ. ನನಗೆ ಅದು ಬಂದಿರಲಿಲ್ಲ. ಇಂಟರ್ನ್‌ಶಿಪ್‌ನಲ್ಲಿ ನೋಡಿದ್ದೇ ಜಾಸ್ತಿ, ಮಾಡಿದ್ದು ಕಡಿಮೆ.

ಆಸ್ಪತ್ರೆಯವರ ಉತ್ತರ ಹೀಗಿತ್ತು: ಟ್ರಿಪ್ ಇಲ್ಲದ ಹೊತ್ತಲ್ಲಿ ಇಎಂಟಿ ಕ್ಯಾಶುವಾಲ್ಟಿಯಲ್ಲೇ ಡ್ಯೂಟಿ ಮಾಡಬೇಕು, ಟ್ರಿಪ್‌ನಲ್ಲಿದ್ದಾಗ ಕ್ಯಾಶುವಾಲ್ಟಿ ಡಾಕ್ಟರ್‌ಗೆ ನೇರ ಫೋನ್. ಬೇರೆ ಹುಡುಗರು ಇದನ್ನು ಎರಡು ಕೆಲಸ ಒಂದೇ ಸಂಬಳ ಎಂದು ಬಿಟ್ಟಿದ್ದರು. ನಾನು ಅದಕ್ಕೇ ಒಪ್ಪಿಕೊಂಡೆ. ಹಗಲು ಜೊತೆಗೆ ನಿಂತು ಕೆಲಸ ಮಾಡಿದ ಡಾಕ್ಟರ್ ರಾತ್ರಿ ಫೋನಿನಲ್ಲಿ ಸಿಗುವುದು ಬಹಳ ದೊಡ್ಡ ವಿಷಯ. ನಿಮ್ಮ ಕೈಗೆ ಏನು ಬರುತ್ತದೆ, ಏನು ಬರುವುದಿಲ್ಲ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಅದರ ಬೆಲೆ ಒಂದು ರಾತ್ರಿ ಪಾಂಡವಪುರ ಕಡೆಯಿಂದ ಬರುವಾಗ ಕಂಡೆ. ಕೀಟನಾಶಕ ಕುಡಿದಿದ್ದ ಹುಡುಗ, ಮೈಸೂರಿಗೆ ರೆಫರ್ ಆಗಿದ್ದ. ಗಾಡಿ ತುಂಬ ಔಷಧಿ ವಾಸನೆ. ಹೊರಡುವಾಗ ಪರವಾಗಿಲ್ಲ ಅನ್ನುವಂತಿದ್ದ. ಶ್ರೀರಂಗಪಟ್ಟಣ ಹತ್ತಿರ ಬರುವಷ್ಟರಲ್ಲಿ ಬಾಯಲ್ಲಿ ನೊರೆ, ಸ್ಯಾಚುರೇಶನ್ ಇಳಿಯತೊಡಗಿತು. ಫೋನ್ ಮಾಡಿದೆ. ಕ್ಯಾಶುವಾಲ್ಟಿ ಡಾಕ್ಟರ್ ಮೇಡಂ ತಕ್ಷಣ ಎತ್ತಿದರು.

"ಎದೆಗೆ ಸ್ಟೆತ್ ಇಟ್ಟು ಹೇಳಿ, ಗೊರಗೊರ ಇದೆಯಾ?"

"ಎರಡೂ ಕಡೆ ಇದೆ ಮೇಡಂ. ಪಲ್ಸ್ 58."

"ಮೊದಲು ಸಕ್ಷನ್ ಮಾಡಿ. ಆಮೇಲೆ ಅಟ್ರೋಪಿನ್, ಹಿಂದೆ ಕೊಟ್ಟಿದ್ದರ ಡಬಲ್. ಐದು ನಿಮಿಷ ಬಿಟ್ಟು ಮತ್ತೆ ಎದೆ ಕೇಳಿ. ಕಣ್ಣಿನ ಪಾಪೆ ನೋಡ್ತಾ ಕೂರಬೇಡಿ, ಎದೆ ಕೇಳಿ. ನಾನು ಲೈನಲ್ಲೇ ಇರ್ತೀನಿ."

ಫೋನನ್ನು ಸ್ಪೀಕರ್‌ಗೆ ಹಾಕಿ ಹುಡುಗನ ಅಣ್ಣನ ಕೈಗೆ ಕೊಟ್ಟೆ. ಸಕ್ಷನ್ ಪೈಪಿನಲ್ಲಿ ನೊರೆ ಬಂತು. ಈ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಟ್ಟೆ, ಎದೆ ಕೇಳಿದೆ, ಮೇಡಂಗೆ ಹೇಳಿದೆ, ಮತ್ತೆ ಕೊಟ್ಟೆ. ಮೈಸೂರಿನ ಕೊಲಂಬಿಯಾ ಸರ್ಕಲ್ ದಾಟುವಾಗ ಎದೆಯ ಸದ್ದು ತಿಳಿಯಾಗುತ್ತಾ ಬಂದಿತ್ತು. ಐಸಿಯುಗೆ ಒಪ್ಪಿಸಿದ ಮೇಲೆ ಮೇಡಂ ನನ್ನನ್ನು ಕ್ಯಾಶುವಾಲ್ಟಿಯ ಮೂಲೆಯಲ್ಲಿ ನಿಲ್ಲಿಸಿಕೊಂಡು ಪಾಪೆಗಿಂತ ಎದೆ ಯಾಕೆ ಮುಖ್ಯ ಅಂತ ಹೇಳಿಕೊಟ್ಟರು. ಈ ವಿಷದಲ್ಲಿ ಜೀವ ಹೋಗುವುದು ಶ್ವಾಸಕೋಶದಲ್ಲಿ ನೀರು ತುಂಬಿ, ಉಸಿರು ನಿಂತು. ಎದೆ ಒಣಗಬೇಕು, ಪಲ್ಸ್ 80 ದಾಟಬೇಕು, ಮೇಲಿನ ಬಿಪಿಯೂ 80ರ ಮೇಲೆ ನಿಲ್ಲಬೇಕು. ಪಾಪೆ ನಿಧಾನಕ್ಕೆ ಅಗಲವಾಗುತ್ತದೆ. ಪುಸ್ತಕದಲ್ಲಿ ಓದಿದ್ದೆ. ಆದರೆ ಅದು ನನ್ನ ಕೈಗೆ ಬಂದಿದ್ದು ಆ ರಾತ್ರಿ.

ಈ ಕೆಲಸದಲ್ಲಿ ಕೊರತೆಯೂ ಇದೆ, ಹೇಳಿಬಿಡುತ್ತೇನೆ. ಆಸ್ಪತ್ರೆ ಗಾಡಿಯಲ್ಲಿ ಹೆಚ್ಚಿನವು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವ ಕೇಸುಗಳು. ಆಗಲೇ ಯಾರೋ ನೋಡಿರುತ್ತಾರೆ, ಐವಿ ಹಾಕಿರುತ್ತಾರೆ. ರಸ್ತೆಯಲ್ಲಿ ಬಿದ್ದವರನ್ನು ಮೊದಲು ಮುಟ್ಟುವ ಅನುಭವ ಬರುವುದಿಲ್ಲ. ಅದಕ್ಕೇ ಆಮೇಲೆ ನಾನು 108ಕ್ಕೆ ಬಂದೆ. ಈಗ ಮಂಡ್ಯ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆ ನನ್ನ ಬೇಸ್. ಈಗ ಹಿಂದೆ ಒಬ್ಬನೇ ಕೂರಲು ಭಯವಿಲ್ಲ.

ಕಾಗದ ಪತ್ರದ ವಿಷಯ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಹತ್ತಿರವೂ ಬಿಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ. ಒರಿಜಿನಲ್ ಇಟ್ಟುಕೊಂಡರೆ ನಮ್ಮ ಜುಟ್ಟು ಅವರ ಕೈಯಲ್ಲಿ. ಆಫರ್ ಲೆಟರ್‌ನಲ್ಲಿ ಬರೆದ ಮೊತ್ತ ನೋಡಿ ಖುಷಿಪಡುವ ಮುಂಚೆ ಕೈಗೆ ಬರುವುದೆಷ್ಟು ಕೇಳಿ. ಪಿಎಫ್ ಹಿಡಿದರೆ ನಿಮ್ಮ ಪಿಎಫ್‌ನ ಯುಎಎನ್ ನಂಬರ್ ಪಡೆದು, ಹಣ ಕಟ್ಟಿದ್ದಾರಾ ಎಂದು ಪಾಸ್‌ಬುಕ್‌ನಲ್ಲಿ ನೀವೇ ನೋಡಿ. ಹನ್ನೆರಡು ಗಂಟೆ ಡ್ಯೂಟಿ ಮುಗಿದ ಮೇಲೆ ಇನ್ನೊಬ್ಬರು ಬರದಿದ್ದರೆ ಏನು ಗತಿ ಅಂತಲೂ ಕೇಳಿ. ಇದು ನಮಗೆ ಮಾತ್ರ ಅಲ್ಲ, ಡ್ರೈವರಿಗೂ ಸೇರಿಸಿ ಕೇಳುವ ಪ್ರಶ್ನೆ. ನಿದ್ದೆಗೆಟ್ಟ ಡ್ರೈವರ್ ಹಿಂದೆ ಕೂತು ಯಾವ ಜೀವವನ್ನೂ ಉಳಿಸಲಾಗುವುದಿಲ್ಲ.

ನನ್ನ ಬ್ಯಾಚಿನ ಗೆಳತಿ ಒಬ್ಬಳು ಎಲ್ಲಕ್ಕಿಂತ ಮೊದಲು ರಾತ್ರಿ ಮಲಗುವ ರೂಮಿಗೆ ಒಳಗಿನಿಂದ ಚಿಲಕ ಇದೆಯಾ, ಶೌಚಾಲಯ ಎಲ್ಲಿದೆ ಎಂದು ಹೋಗಿ ನೋಡಿದಳು. ಹೆಣ್ಣುಮಕ್ಕಳು ಇದನ್ನು ಕೇಳಲು ಸಂಕೋಚ ಪಡಬಾರದು. ಉತ್ತರ ಸರಿ ಇಲ್ಲದ ಕಡೆ ಅವಳು ಸೇರಲೇ ಇಲ್ಲ.

ಇನ್ನೊಂದು ಮುಖ್ಯ ವಿಷಯ ಸೂಜಿ ಚುಚ್ಚಿಕೊಳ್ಳುವುದು. ಓಡುವ ಗಾಡಿಯಲ್ಲಿ ಐವಿ ಹಾಕುವಾಗ ಇದು ಯಾರಿಗಾದರೂ ಆಗಬಹುದು. ಹೆಪಟೈಟಿಸ್ ಬಿ ಲಸಿಕೆ ಸಂಸ್ಥೆಯೇ ಕೊಡಿಸುತ್ತದಾ ಕೇಳಿ. 0, 1, 6 ತಿಂಗಳಿಗೆ ಒಟ್ಟು ಮೂರು ಡೋಸ್. ಚುಚ್ಚಿಕೊಂಡರೆ ಎಚ್ಐವಿ ತಡೆಯುವ ಮಾತ್ರೆಯನ್ನು ಸಾಧ್ಯವಾದರೆ ಎರಡು ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ ಶುರು ಮಾಡಬೇಕು. ಹಾಗಾಗಿ ಆ ಮಾತ್ರೆ ರಾತ್ರಿ ಹೊತ್ತು ಎಲ್ಲಿ ಸಿಗುತ್ತದೆ, ಯಾರು ಬರೆದುಕೊಡುತ್ತಾರೆ ಎಂದು ಸೇರುವ ದಿನವೇ ತಿಳಿದುಕೊಂಡಿರಿ. ಸೇರುವ ತನಕ ಕಾಯದೆ ಲಸಿಕೆಯ ಮೊದಲ ಡೋಸ್ ಈಗಲೇ ಹಾಕಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಆ ಕಾರ್ಡನ್ನು ಬಿಎಲ್‌ಎಸ್ ಸರ್ಟಿಫಿಕೇಟ್ ಜೊತೆಗೇ ಇಟ್ಟುಕೊಳ್ಳಿ. ಇಂಟರ್‌ವ್ಯೂನಲ್ಲಿ ಎರಡನ್ನೂ ಕೇಳುತ್ತಾರೆ.